ಲೆಫೆಬ್ಯೂರ್-ವೆಲಿಯ ‘ಸೊರ್ತಿ’: ಚರ್ಚಿನಿಂದ ಹೊರಡುವವರಿಗೆ ಬರೆದ ಕುಣಿತದ ಮಟ್ಟು

ಗಾಳಿಪೆಟ್ಟಿಗೆ:

ಮಿತ್ರರೇ, ಆರ್ಗನ್ (ಚರ್ಚುಗಳಲ್ಲಿರುವ, ಕೊಳವೆಗಳಿಗೆ ಗಾಳಿ ಊದಿ ನುಡಿಸುವ ದೊಡ್ಡ ವಾದ್ಯ) ಎಂದರೆ ಜರ್ಮನ್ ಸಂಗೀತಕಾರ ಬಾಖ್, ಬಾಖ್ ಎಂದರೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಬೇಕಾದ ಸಂಗೀತ ಎಂದು ನಂಬಿಕೊಂಡೇ ನಡುವಯಸ್ಸು ದಾಟಿದವನು ನಾನು. ಕಳೆದ ತಿಂಗಳು ಒಂದು ರಾತ್ರಿ ಅಂತರ್ಜಾಲದಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ಇ ಫ್ಲ್ಯಾಟ್ ಮೇಜರ್‌ನಲ್ಲಿರುವ ‘ಸೊರ್ತಿ’ ಎಂಬ ಕೃತಿ ಕಿವಿಗೆ ಬಿತ್ತು. ನಾಲ್ಕೈದು ನಿಮಿಷದ ತುಣುಕು. ಶುರುವಾದ ಗಳಿಗೆಯಿಂದ ಜಾತ್ರೆಯ ತೊಟ್ಟಿಲು ತಿರುಗತೊಡಗಿದ ಹಾಗೆ ಎಡಗೈಯೂ ಕಾಲೂ ಸೇರಿ ‘ಧುಂ-ಚಕ, ಧುಂ-ಚಕ’ ಹಾಕುತ್ತವೆ, ಅದರ ಮೇಲೆ ಬಲಗೈಯ ಮಟ್ಟು ಎಗರುತ್ತಾ ಸಾಗುತ್ತದೆ, ನಡುವೆ ಸ್ವಲ್ಪ ಹೊತ್ತು ಗುಟ್ಟು ಹೇಳುವವರಂತೆ ದನಿ ತಗ್ಗಿಸಿ, ಮತ್ತೆ ಎಲ್ಲ ಕೊಳವೆಗಳೂ ಬಾಯಿ ಬಿಟ್ಟು ಮೊದಲಿನ ಮಟ್ಟಿಗೇ ಮರಳುತ್ತವೆ. ಸರ್ಕಸ್ಸಿನ ಡೇರೆಗೆಂದು ಬರೆದಿರಬೇಕು ಎಂದುಕೊಂಡೆ. ಬರೆದದ್ದು ಚರ್ಚಿಗೆ, ಅದೂ ಪೂಜೆ ಮುಗಿದು ಜನ ಹೊರಡುವ ಹೊತ್ತಿಗೆ. ‘ಸೊರ್ತಿ’ ಎಂದರೆ ಫ್ರೆಂಚಿನಲ್ಲಿ ನಿರ್ಗಮನ ಎಂದೇ ಅರ್ಥ.

ಇದನ್ನು ಬರೆದವನು ಲೂಯಿ ಜೇಮ್ಸ್ ಆಲ್ಫ್ರೆಡ್ ಲೆಫೆಬ್ಯೂರ್-ವೆಲಿ. 1817ರ ನವೆಂಬರ್ 13ರಂದು ಪ್ಯಾರಿಸ್ಸಿನಲ್ಲಿ ಹುಟ್ಟಿದ. ತಂದೆ ಅದೇ ಊರಿನ ಸ್ಯಾಂ-ರೋಕ್ ಚರ್ಚಿನ ಆರ್ಗನ್ ವಾದಕ. ತಂದೆ ಕಾಯಿಲೆ ಬಿದ್ದಾಗ ಅವರ ಪರವಾಗಿ ಪೀಠದ ಮೇಲೆ ಕುಳಿತ ಮಗನಿಗೆ ಆಗ ಎಂಟು ವರ್ಷ. ಪಾದಗಳಿಂದ ನುಡಿಸುವ ಪೆಡಲ್ಲಿಗೆ ಕಾಲು ಹೇಗೆ ಎಟುಕುತ್ತಿತ್ತೋ ದೇವರೇ ಬಲ್ಲ. 1831ರಲ್ಲಿ, ಹದಿನಾಲ್ಕು ತುಂಬುವ ಹೊತ್ತಿಗೆ, ಆ ಹುದ್ದೆ ಅಧಿಕೃತವಾಗಿಯೇ ಅವನಿಗೆ ಬಂತು. ಸಂಗೀತ ವಿದ್ಯಾಲಯಕ್ಕೆ ಸೇರಿದ್ದು ಅದಾದ ಮೇಲೆ. 1835ರಲ್ಲಿ ಆರ್ಗನ್ ವಾದನದ ಪ್ರಥಮ ಬಹುಮಾನ ಪಡೆದ. 1847ರಿಂದ 1858ರವರೆಗೆ ಮಾದ್ಲೆನ್ ಚರ್ಚಿನಲ್ಲಿ, 1863ರಿಂದ ತೀರಿಕೊಳ್ಳುವವರೆಗೆ ಸ್ಯಾಂ-ಸುಲ್ಪೀಸ್ ಚರ್ಚಿನಲ್ಲಿ ವಾದಕನಾಗಿದ್ದ. ಐವತ್ತೆರಡನೆಯ ವಯಸ್ಸಿಗೆ, 1869ರ ಡಿಸೆಂಬರ್ 31ರಂದು ಹೋದ. ವರ್ಷದ ಕೊನೆಯ ದಿನವೇ ನಿರ್ಗಮಿಸಿದ್ದು ಅವನ ಖ್ಯಾತಿಗೆ ಸರಿಯಾಗಿಯೇ ಇದೆ ಎನ್ನಬೇಕು.

ನನ್ನ ಪ್ರಶ್ನೆ ಇಷ್ಟೆ. ಇವನ ಹೆಸರು ಬಂದ ಕಡೆಯಲ್ಲೆಲ್ಲ ‘ಲಘು’, ‘ಅಗ್ಗದ ರುಚಿ’, ‘ನಾಟಕಶಾಲೆಯ ಸಂಗೀತ’ ಎಂಬ ಮಾತುಗಳು ಹಿಂಬಾಲಿಸಿ ಬರುತ್ತವೆ. ಒಪ್ಪುತ್ತೀರಾ? ಅಥವಾ ಹಗುರಾಗಿರುವುದೇ ಈ ಕೃತಿಯ ಕೆಲಸವೇ? ತಿಳಿದವರು ಹೇಳಬೇಕು.

ಸಂಶಯಾತ್ಮ:

ಗಾಳಿಪೆಟ್ಟಿಗೆಯವರೇ, ನೀವು ಕೇಳಿದಿರಿ ಎಂದು ಹೇಳುತ್ತಿದ್ದೇನೆ, ಬೇಸರಿಸಬೇಡಿ. ಕೃತಿ ಚೆನ್ನಾಗಿದೆ, ಆದರೆ ಅದು ಎಲ್ಲಿಂದ ಬಂತೆಂಬುದನ್ನು ಮರೆಯಬಾರದು. ಅದು ಮೂರನೆಯ ನೆಪೋಲಿಯನ್ನನ ಪ್ಯಾರಿಸ್. ಹಳೆಯ ಓಣಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ಹಾಕುತ್ತಿದ್ದ ಕಾಲ, ಹೊಸ ಹಣದ ಕಾಲ. ಓಫೆನ್‌ಬಾಖ್ 1858ರಲ್ಲಿ ನರಕಕ್ಕಿಳಿದ ಆರ್ಫಿಯಸ್ಸನ ಕಥೆಯನ್ನು ಗೇಲಿನಾಟಕ ಮಾಡಿ ಇಡೀ ಊರನ್ನು ಕುಣಿಸಿದ್ದ. ಶನಿವಾರ ರಾತ್ರಿ ಆ ನಾಟಕ ನೋಡಿದವರೇ ಭಾನುವಾರ ಬೆಳಿಗ್ಗೆ ಚರ್ಚಿನ ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ಲೆಫೆಬ್ಯೂರ್-ವೆಲಿ ಅವರಿಗೆ ಬೇಕಾದದ್ದನ್ನು ಬಡಿಸಿದ.

ಅವನ ನಂತರ ಮಾದ್ಲೆನ್‌ಗೆ ಬಂದವರು ಹೆಸರಾಂತ ಸಂಗೀತಕಾರ ಕಮೀಲ್ ಸ್ಯಾಂ-ಸಾನ್ಸ್. ಅವರ ಕಾಲದ ಒಂದು ಪ್ರಸಂಗವನ್ನು ಸಂಗೀತದವರು ಇಂದಿಗೂ ಹೇಳಿಕೊಳ್ಳುತ್ತಾರೆ. ಅಲ್ಲಿನ ಪಾದ್ರಿಯೊಬ್ಬರು ಅವರನ್ನು ಕರೆದು, ಇಲ್ಲಿಗೆ ಬರುವವರು ಅನುಕೂಲಸ್ಥರು, ಗೀತನಾಟಕಗಳಿಗೆ ಹೋಗಿ ರೂಢಿಯಿರುವವರು, ಅವರ ಅಭಿರುಚಿಗೆ ಸ್ವಲ್ಪ ಬೆಲೆ ಕೊಡಿ ಎಂದರಂತೆ. ವೇದಿಕೆಯ ಮೇಲಿನ ಉಪದೇಶ ಗೀತನಾಟಕದ ಭಾಷೆಯಲ್ಲಿ ಕೇಳಿಬಂದ ದಿನ ನಾನೂ ಅದಕ್ಕೆ ಒಪ್ಪುವ ಸಂಗೀತ ನುಡಿಸುತ್ತೇನೆ, ಅಲ್ಲಿಯವರೆಗೆ ಇಲ್ಲ ಎಂದರಂತೆ ಸ್ಯಾಂ-ಸಾನ್ಸ್. ಪಾದ್ರಿಗಳಿಗೆ ಆ ರುಚಿ ಹತ್ತಿಸಿದವನು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲವಲ್ಲ.

ಕರಾವಳಿಯವ:

ಸಂಶಯಾತ್ಮರ ಪ್ರಸಂಗ ಸೊಗಸಾಗಿದೆ, ಆದರೆ ಅದರಲ್ಲಿ ಗೆದ್ದವರು ಮಾತುಗಾರಿಕೆಯಿಂದ ಗೆದ್ದರೇ ಹೊರತು ವಾದದಿಂದಲ್ಲ. ನಾನು ಮಂಗಳೂರು ಕಡೆಯ ಒಂದು ಇಗರ್ಜಿಯಲ್ಲಿ ಹನ್ನೆರಡು ವರ್ಷಗಳಿಂದ ಕೀಬೋರ್ಡ್ ನುಡಿಸುತ್ತಿದ್ದೇನೆ. ಕೊಳವೆಗಳ ಆರ್ಗನ್ ನಮ್ಮಲ್ಲಿಲ್ಲ, ಆದರೆ ಪೂಜೆಯ ಕ್ರಮದಲ್ಲಿ ವಾದ್ಯದ ಸ್ಥಾನ ಎಲ್ಲಿದೆ ಎಂಬುದು ಎಲ್ಲ ಕಡೆಯೂ ಒಂದೇ, ಆದ್ದರಿಂದ ಆ ಕಡೆಯಿಂದ ಒಂದಿಷ್ಟು ಹೇಳುತ್ತೇನೆ.

ಹಳೆಯ ಫ್ರೆಂಚ್ ಪದ್ಧತಿಯಲ್ಲಿ ಬಲಿಪೂಜೆಯ ಒಂದೊಂದು ಘಟ್ಟಕ್ಕೂ ಬೇರೆ ಬೇರೆ ಜಾತಿಯ ಆರ್ಗನ್ ಕೃತಿಗಳಿದ್ದವು. ಪಾದ್ರಿ ಒಳಬರುವಾಗ ಒಂದು, ಕಾಣಿಕೆಯ ಹೊತ್ತಿಗೆ ಒಂದು, ರೊಟ್ಟಿಯನ್ನೂ ಪಾನಪಾತ್ರೆಯನ್ನೂ ಎತ್ತಿ ತೋರಿಸುವಾಗ ಒಂದು, ಪರಮಪ್ರಸಾದದ ಹೊತ್ತಿಗೆ ಒಂದು, ಕೊನೆಗೆ ಸೊರ್ತಿ. ಎತ್ತಿ ತೋರಿಸುವ ಗಳಿಗೆಗೆ ಬರೆದದ್ದು ಉಸಿರು ಬಿಗಿಹಿಡಿದಂತೆ ಮೆಲ್ಲಗಿರಬೇಕು. ಸೊರ್ತಿಯ ಹೊತ್ತಿಗೆ ಪೂಜೆ ಮುಗಿದಿರುತ್ತದೆ, ಆಶೀರ್ವಾದ ಸಿಕ್ಕಿರುತ್ತದೆ, ಜನ ಎದ್ದು ನಿಂತು ಛತ್ರಿ ಹುಡುಕುತ್ತಿರುತ್ತಾರೆ, ಮಕ್ಕಳು ಬಾಗಿಲ ಕಡೆ ಓಡಿರುತ್ತಾರೆ. ನೂರಾರು ಜನರ ಚಪ್ಪಲಿಯ ಸದ್ದು ಮತ್ತು ಮಾತಿನ ಗದ್ದಲದ ಮೇಲೆ ತೇಲಬೇಕಾದ ಸಂಗೀತ ಅದು. ಅಲ್ಲಿ ಕುಳಿತು, ಒಂದೇ ಮಟ್ಟನ್ನು ಹಲವು ದನಿಗಳು ಒಂದರ ಹಿಂದೊಂದು ಹಿಡಿಯುವ ಸೂಕ್ಷ್ಮವಾದ ಫ್ಯೂಗ್ ನುಡಿಸಿದರೆ ಕೇಳುವವರು ವಾದಕನೂ ಅವನ ಪುಟ ತಿರುವುವವನೂ ಇಬ್ಬರೇ. ಲೆಫೆಬ್ಯೂರ್-ವೆಲಿ ಈ ಗದ್ದಲವನ್ನು ಎಂಟನೆಯ ವಯಸ್ಸಿನಿಂದ ಮೇಲಿನಿಂದ ನೋಡಿದವನು. ಆದುದರಿಂದಲೇ ಅವನ ಮಟ್ಟು ಮೊದಲ ನಾಲ್ಕು ಮಾತ್ರೆಗಳಲ್ಲೇ ಕಿವಿ ಹಿಡಿಯುತ್ತದೆ, ಮಧ್ಯದಲ್ಲಿ ಯಾರಾದರೂ ಮಾತಾಡಿ ಕಳೆದುಕೊಂಡರೆ ಮತ್ತೆ ಬಂದು ಕೈ ಹಿಡಿಯುತ್ತದೆ.

ಇನ್ನೊಂದು ಮಾತು. ಈ ಸೊರ್ತಿ ‘ಲೋರ್ಗನಿಸ್ತ್ ಮೊಡೆರ್ನ್’ ಎಂಬ ಸಂಗ್ರಹದಿಂದ ಬಂದದ್ದು. 1860ರ ದಶಕದಲ್ಲಿ ಕಂತು ಕಂತಾಗಿ ಅಚ್ಚಾದ ಅದರ ಹೆಸರಿನ ಅರ್ಥ ‘ಆಧುನಿಕ ಆರ್ಗನ್ ವಾದಕ’. ಅದೇ ಸಂಗ್ರಹದಲ್ಲಿ ಬಿ ಫ್ಲ್ಯಾಟಿನ ಇನ್ನೊಂದು ಸೊರ್ತಿಯೂ ಇದೆ, ಅದೂ ಇದರ ತಮ್ಮನಂತೆಯೇ ತುಂಟ. ಭಾನುವಾರ ಬಂದರೆ ನುಡಿಸಲೇಬೇಕಾದವರ ಕೈಗೆ ಸಿಗಲೆಂದು ಮಾಡಿದ ಪುಸ್ತಕ ಅದು. ಅದನ್ನು ಬಾಖನ ಪಕ್ಕದಲ್ಲಿಟ್ಟು ತೂಗುವುದು ಮದುವೆಮನೆಯ ಚಿತ್ರಾನ್ನವನ್ನು ಯಜ್ಞದ ಹವಿಸ್ಸಿನ ಪಕ್ಕದಲ್ಲಿಟ್ಟು ತೂಗಿದ ಹಾಗೆ.

ಪ್ಯಾರಿಸ್ ವಾಸಿ:

ಕೆಲಸದ ನಿಮಿತ್ತ ಆರು ವರ್ಷಗಳಿಂದ ಇದೇ ಊರಿನಲ್ಲಿದ್ದೇನೆ, ಆದ್ದರಿಂದ ವಾದ್ಯದ ಬಗ್ಗೆ ಬರೆಯುವ ಬಾಧ್ಯತೆ ನನ್ನ ಮೇಲಿದೆ ಎಂದುಕೊಳ್ಳುತ್ತೇನೆ. ಸ್ಯಾಂ-ಸುಲ್ಪೀಸ್‌ನಲ್ಲಿ ಭಾನುವಾರದ ಪೂಜೆಯ ನಂತರ ಆರ್ಗನ್ ಕೇಳಲೆಂದೇ ಉಳಿಯುವ ಪರಿಪಾಠವಿದೆ. ಬೆನ್ನ ಹಿಂದೆ, ಪಶ್ಚಿಮದ ಬಾಗಿಲಿನ ಮೇಲೆ, ಕಂಬಗಳೂ ಮೂರ್ತಿಗಳೂ ಇರುವ ಒಂದು ಗುಡಿಯನ್ನೇ ಎತ್ತಿ ಕೂರಿಸಿದಂತೆ ವಾದ್ಯವಿದೆ. ಪೆಟ್ಟಿಗೆ ಹದಿನೆಂಟನೆಯ ಶತಮಾನದ್ದು, ಕ್ಲಿಕೋ ಎಂಬಾತ 1781ರಲ್ಲಿ ಮುಗಿಸಿದ ಆರ್ಗನ್ನಿನದು. ಅದರೊಳಗನ್ನು ಆರಿಸ್ತೀದ್ ಕವಾಯೆ-ಕೋಲ್ ಪೂರ್ತಿಯಾಗಿ ಹೊಸದಾಗಿ ಕಟ್ಟಿ 1862ರಲ್ಲಿ ಕೊಟ್ಟ: ಐದು ಕೀಲಿಮಣೆಗಳು, ಆಗ ನೂರು ಸ್ವರಸಾಲುಗಳು (ಒಂದೊಂದೂ ಬೇರೆ ಬಣ್ಣದ ದನಿಯ ಕೊಳವೆಗಳ ಸಾಲು). ಮರುವರ್ಷ ಅದರ ಮುಂದೆ ಬಂದು ಕುಳಿತವನೇ ನಮ್ಮ ಲೆಫೆಬ್ಯೂರ್-ವೆಲಿ. ಇಬ್ಬರೂ ಹಳೆಯ ಸ್ನೇಹಿತರು. ಒಬ್ಬ ಕಟ್ಟುವುದು, ಇನ್ನೊಬ್ಬ ಅದನ್ನು ಜನರಿಗೆ ಕೇಳಿಸಿ ಮೆಚ್ಚಿಸುವುದು ಎಂಬಂತಿತ್ತು ಅವರ ಜೋಡಿ. 1846ರಲ್ಲಿ ಕಟ್ಟಿದ ಮಾದ್ಲೆನ್‌ನ ವಾದ್ಯವೂ ಅದೇ ಕೈಯದು.

ಸೊರ್ತಿಯಂಥ ಕೃತಿ ಹುಟ್ಟಲು ವಾದ್ಯ ಕಟ್ಟಿದ ಈ ಕವಾಯೆ-ಕೋಲ್ ಕಾರಣ ಎಂದು ನನಗೆ ಅನ್ನಿಸಲು ಒಂದು ಯಾಂತ್ರಿಕ ಕಾರಣವಿದೆ. ಹಳೆಯ ದೊಡ್ಡ ಆರ್ಗನ್ನುಗಳಲ್ಲಿ ಎರಡು ಮೂರು ಕೀಲಿಮಣೆಗಳನ್ನು ಒಂದಕ್ಕೊಂದು ಜೋಡಿಸಿದರೆ ಒಂದು ಮನೆ (ಕೀಲಿ) ಒತ್ತಿದಾಗ ಅಷ್ಟೂ ಮಣೆಗಳ ಕವಾಟಗಳನ್ನು ಬೆರಳೇ ಎಳೆಯಬೇಕಾಗುತ್ತಿತ್ತು. ಬಾವಿಯಿಂದ ನೀರು ಸೇದಿದಷ್ಟು ಭಾರ. ಪೂರ್ಣದನಿಯಲ್ಲಿ ವೇಗವಾಗಿ ನುಡಿಸುವುದು ಆಗದ ಮಾತು, ಆದ್ದರಿಂದ ದೊಡ್ಡ ದನಿ ಎಂದರೆ ನಿಧಾನ ನಡೆ ಎಂಬುದೇ ರೂಢಿಯಾಗಿತ್ತು. ಬಾರ್ಕರ್ ಎಂಬ ಇಂಗ್ಲಿಷ್ ಕುಶಲಕರ್ಮಿ ಒಂದೊಂದು ಮನೆಗೂ ಒಂದೊಂದು ಪುಟ್ಟ ತಿದಿಯನ್ನು ಕೂರಿಸುವ ಉಪಾಯ ಕಂಡುಹಿಡಿದ. ಬೆರಳು ಆ ಪುಟ್ಟ ತಿದಿಗೆ ಗಾಳಿ ಬಿಟ್ಟರೆ ಸಾಕು, ಎಳೆಯುವ ಕೆಲಸವನ್ನು ಗಾಳಿಯೇ ಮಾಡುತ್ತದೆ. ಕವಾಯೆ-ಕೋಲ್ 1841ರಲ್ಲಿ ಸ್ಯಾಂ-ದೆನಿಯ ಚರ್ಚಿನಲ್ಲಿ ಇದನ್ನು ಅಳವಡಿಸಿ, ಮುಂದೆ ತನ್ನ ದೊಡ್ಡ ವಾದ್ಯಗಳಲ್ಲೆಲ್ಲ ಬಳಸಿದ. ಅಲ್ಲಿಗೆ ಆನೆಯಂಥ ವಾದ್ಯವನ್ನು ಜಿಂಕೆಯಂತೆ ಕುಣಿಸುವುದು ಸಾಧ್ಯವಾಯಿತು. ಸೊರ್ತಿಯ ಸಂತೋಷದಲ್ಲಿ ಅರ್ಧ ಈ ಹೊಸ ಸ್ವಾತಂತ್ರ್ಯದ್ದೇ ಇರಬೇಕು ಎಂದು ನನ್ನ ಊಹೆ.

ಅಂದಹಾಗೆ, ಸ್ಯಾಂ-ಸುಲ್ಪೀಸ್‌ನ ಪೆಡಲುಗಳಲ್ಲಿ ಗುಡುಗಿಗೆಂದೇ ಒಂದಿದೆ. ಒತ್ತಿದರೆ ಅತಿ ಕೆಳಗಿನ ಹಲವು ಸ್ವರಗಳು ಒಟ್ಟಿಗೆ ಗುಡುಗುಡಿಸುತ್ತವೆ. ಲೆಫೆಬ್ಯೂರ್-ವೆಲಿಯ ಬಿರುಗಾಳಿಯ ಆಶುವಾದನಗಳು ಊರಿಗೆಲ್ಲ ಪ್ರಸಿದ್ಧವಾಗಿದ್ದವು. ಹಳ್ಳಿ, ಕುರುಬನ ಕೊಳಲು, ಗುಡುಗು ಸಿಡಿಲು, ಮಳೆ ನಿಂತ ಮೇಲೆ ಪ್ರಾರ್ಥನೆ. ಯಕ್ಷಗಾನದ ಚೆಂಡೆಯವರು ಕೇಳಿದ್ದರೆ ತಲೆದೂಗುತ್ತಿದ್ದರೇನೋ.

ಮೇಳಕರ್ತ:

ಒಂದು ಸಣ್ಣ ಸಂದೇಹ. ಇ ಫ್ಲ್ಯಾಟ್ ಎಂದರೆ ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಕರಿ ಎರಡು ತಾನೆ? ಮೇಜರ್ ಎಂದಮೇಲೆ ಸ್ವರಗಳು ಶಂಕರಾಭರಣದವು, ಹಿಂದುಸ್ತಾನಿಯವರಿಗೆ ಬಿಲಾವಲ್ ಥಾಟ್. ನಿನ್ನೆ ಎರಡು ಬಾರಿ ಕೇಳಿದೆ. ಗಮಕವಿಲ್ಲದ ಶಂಕರಾಭರಣ ಇಷ್ಟು ಬಿಚ್ಚುಮನಸ್ಸಿನಿಂದ ನಗಬಲ್ಲದೆಂದು ತಿಳಿದಿರಲಿಲ್ಲ. ಕಚೇರಿಯಲ್ಲಿ ಪ್ರಧಾನ ಕೃತಿ, ತನಿ ಆವರ್ತನ ಎಲ್ಲ ಆದಮೇಲೆ ಹಾಡುವುದನ್ನು ನಾವು ‘ತುಕ್ಕಡ’ ಎಂದು ಹಗುರವಾಗಿ ಕರೆಯುತ್ತೇವೆ. ಆದರೆ ಸಭೆಯಲ್ಲಿ ಅರ್ಧ ಜನ ಎದ್ದು ಹೋಗದೆ ಕುಳಿತಿರುವುದು ಆ ತಿಲ್ಲಾನಕ್ಕಾಗಿಯೇ. ಸೊರ್ತಿಯೂ ಆ ಜಾತಿಯದು ಎನ್ನಬಹುದೇ?

ಕರಾವಳಿಯವ:

ಮೇಳಕರ್ತರೇ, ಕರಿ ಎರಡು ಎಂಬುದು ಸರಿ. ತುಕ್ಕಡದ ಹೋಲಿಕೆ ಅರ್ಧ ಸರಿ. ತಿಲ್ಲಾನವನ್ನು ಕುಳಿತು ಕೇಳುತ್ತಾರೆ, ಸೊರ್ತಿಯನ್ನು ನಡೆಯುತ್ತಾ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಈ ಕೃತಿಯನ್ನು ಮದುವೆಗಳಲ್ಲಿ ವಧೂವರರು ಹೊರನಡೆಯುವಾಗ ನುಡಿಸುವುದುಂಟು, ಅಲ್ಲಿಯೂ ಅದು ಕಾಲಿಗೇ ಹೇಳುವ ಮಾತು.

ಸಂಶಯಾತ್ಮ:

ನನ್ನ ಮೇಲೆ ಮೂರು ಕಡೆಯಿಂದ ದಾಳಿಯಾಗಿದೆ. ಮದುವೆಮನೆಯ ಚಿತ್ರಾನ್ನದ ಮಾತನ್ನು ಒಪ್ಪಿಕೊಂಡೆ ಎಂದೇ ಇಟ್ಟುಕೊಳ್ಳಿ, ಆಗಲೂ ಒಂದು ತಕರಾರು ಉಳಿಯುತ್ತದೆ. ಸ್ಯಾಂ-ಸಾನ್ಸ್ ತಮ್ಮ ನೆನಪುಗಳಲ್ಲಿ ಇವನನ್ನು ಅದ್ಭುತ ಆಶುವಾದಕನೆಂದು ಹೊಗಳಿಯೇ, ಆರ್ಗನ್ನಿಗೆಂದು ಬರೆದಿಟ್ಟು ಹೋದದ್ದು ಮಾತ್ರ ಹೇಳಿಕೊಳ್ಳುವಂಥದ್ದಲ್ಲ ಎಂಬ ಧಾಟಿಯಲ್ಲಿ ಬರೆದಿದ್ದಾರೆ. ನನ್ನ ಅಭಿಪ್ರಾಯವೂ ಬಹುಪಾಲು ಅದೇ. ಅವನ ಪಿಯಾನೋ ತುಣುಕು ‘ಮಠದ ಗಂಟೆಗಳು’ ಒಂದು ಕಾಲದಲ್ಲಿ ಯುರೋಪಿನ ಮನೆಮನೆಯ ಹೆಣ್ಣುಮಕ್ಕಳ ಬೆರಳಲ್ಲಿತ್ತು. ಇಂದು ಅದನ್ನು ಕೇಳಿದರೆ ಸಕ್ಕರೆ ಹೆಚ್ಚಾದ ಪಾಯಸ ಬಾಯಿಗೆ ಕಟ್ಟಿದಂತಾಗುತ್ತದೆ. 1861ರಲ್ಲಿ ಗೀತನಾಟಕವನ್ನೂ ಬರೆದ, ಅದನ್ನು ಈಗ ಯಾರೂ ಆಡುವುದಿಲ್ಲ.

ಅದೇ ಕಾಲದಲ್ಲಿ ಬೇರೆಯವರು ಏನು ಮಾಡುತ್ತಿದ್ದರು ನೋಡಿ. ಬೆಲ್ಜಿಯಂನ ಲೆಮ್ಮೆನ್ಸ್ 1850ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿಗೆ ಬಂದು ಬಾಖನನ್ನು ನುಡಿಸಿ ತೋರಿಸಿದರು. ಪೆಡಲುಗಳನ್ನು ಹೀಗೂ ನುಡಿಸಬಹುದೇ ಎಂದು ಫ್ರೆಂಚರು ಬೆರಗಾದರು. ಮುಂದೆ ಹೆಸರಾದ ಫ್ರೆಂಚ್ ಆರ್ಗನ್ ವಾದಕರಾದ ಗಿಲ್ಮಾನ್, ವಿಡೋರ್ ಇಬ್ಬರೂ ಅವರ ಬಳಿಗೆ ಹೋಗಿ ಕಲಿತವರು. ಲೆಫೆಬ್ಯೂರ್-ವೆಲಿ ತೀರಿದ ಕೆಲವೇ ದಿನಗಳಲ್ಲಿ, 1870ರ ಜನವರಿಯಲ್ಲಿ, ಸ್ಯಾಂ-ಸುಲ್ಪೀಸ್‌ಗೆ ಅದೇ ವಿಡೋರ್ ಬಂದರು, ತಾತ್ಕಾಲಿಕವೆಂದು ಬಂದವರು ಅರುವತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಉಳಿದರು. ಅವರ ಐದನೆಯ ಆರ್ಗನ್ ಸಿಂಫನಿಯ ತೊಕ್ಕಾತ ಎಂಬ ಬಿರುಸಿನ ಭಾಗ ಇಂದು ಮದುವೆಗಳಲ್ಲಿ ನಿಮ್ಮ ಸೊರ್ತಿಗಿಂತ ಹೆಚ್ಚು ಕೇಳಿಬರುತ್ತದೆ. ಅದೂ ಸಂತೋಷದ ಕೃತಿಯೇ, ಆದರೆ ಅದರಲ್ಲಿ ಕಟ್ಟೋಣವಿದೆ. ಸಂತೋಷಕ್ಕೆ ನನ್ನ ವಿರೋಧವಿಲ್ಲ, ಬುಡವಿಲ್ಲದ ಸಂತೋಷಕ್ಕಿದೆ.

ಗಾಳಿಪೆಟ್ಟಿಗೆ:

ಸಂಶಯಾತ್ಮರೇ, ಆಶುವಾದಕನೆಂದು ಹೊಗಳಿದ ಮಾತನ್ನು ನೀವೇ ತಂದಿರಿ, ಅದರ ತೂಕವನ್ನು ಮಾತ್ರ ಬಿಟ್ಟಿರಿ. ಅವನ ಕಾಲದಲ್ಲಿ ಆರ್ಗನ್ ವಾದಕನೆಂದರೆ ಬರೆದದ್ದನ್ನು ಓದಿ ನುಡಿಸುವವನಲ್ಲ, ಗಳಿಗೆಗೆ ತಕ್ಕಂತೆ ಹುಟ್ಟಿಸುವವನು. ಪಾದ್ರಿ ನಿಧಾನಿಸಿದರೆ ಬೆಳೆಸಬೇಕು, ಅವಸರಿಸಿದರೆ ಮುಗಿಸಬೇಕು. ನಮ್ಮಲ್ಲಿ ಒಬ್ಬ ಗವಾಯಿಯ ಆಲಾಪನೆಯನ್ನು ಯಾರೋ ಬರೆದಿಟ್ಟುಕೊಂಡ ಸ್ವರಲಿಪಿಯಿಂದ ಅಳೆಯುತ್ತೇವೆಯೇ? ಅಚ್ಚಾಗಿ ನಮ್ಮ ಕೈಗೆ ಬಂದ ಸೊರ್ತಿ ಅಂಥ ಸಾವಿರ ಭಾನುವಾರಗಳಲ್ಲಿ ಉಳಿದ ಒಂದು ಚಿಟಿಕೆ.

ಇನ್ನು ನನ್ನನ್ನು ಈ ಮನುಷ್ಯನ ಕಡೆಗೆ ನಿಜವಾಗಿ ಎಳೆದ ವಿಷಯ ಬೇರೆ, ಮೊದಲ ಬರಹದಲ್ಲಿ ಹೇಳಿರಲಿಲ್ಲ. ಇವನು ಹಾರ್ಮೋನಿಯಂನ ಮೊದಲ ತಲೆಮಾರಿನ ಹೆಸರಾಂತ ವಾದಕ. ಅಲೆಕ್ಸಾಂದ್ರ್ ದೆಬ್ಯಾಂ ಎಂಬ ಪ್ಯಾರಿಸ್ಸಿನ ವಾದ್ಯತಯಾರಕ 1842ರಲ್ಲಿ ‘ಹಾರ್ಮೋನಿಯಂ’ ಎಂಬ ಹೆಸರಿಗೆ ಹಕ್ಕುಪತ್ರ ಪಡೆದ. ಲೆಫೆಬ್ಯೂರ್-ವೆಲಿಗೆ ಇಪ್ಪತ್ತೈದು ತುಂಬಿದ್ದು ಅದೇ ವರ್ಷ. ಈ ಹೊಸ ಪೆಟ್ಟಿಗೆಗೆಂದೇ ಕೃತಿಗಳನ್ನು ಬರೆದು, ಶ್ರೀಮಂತರ ದಿವಾನಖಾನೆಗಳಲ್ಲಿ ನುಡಿಸಿ ಅದನ್ನು ಜನಪ್ರಿಯಗೊಳಿಸಿದವರಲ್ಲಿ ಅವನು ಮುಂಚೂಣಿಯವನು. ಆ ಪೆಟ್ಟಿಗೆಯೇ ಮುಂದೆ ಪಾದ್ರಿಗಳ, ಸಾಹೇಬರ ಸಾಮಾನುಗಳೊಡನೆ ಹಡಗು ಹತ್ತಿ ನಮ್ಮ ದೇಶಕ್ಕೆ ಬಂತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಕಾಲು ಕತ್ತರಿಸಿ, ತಿದಿಯನ್ನು ಹಿಂಬದಿಗೆ ತಂದು, ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಗಾಳಿ ಹಾಕುವ ರೂಪ ಕೊಟ್ಟರು. ಅದೇ ನಮ್ಮ ಭಜನೆಮನೆಯ ಪೆಟ್ಟಿಗೆ, ಆಕಾಶವಾಣಿ 1940ರಿಂದ 1971ರವರೆಗೆ ಹೊರಗಿಟ್ಟ ಪೆಟ್ಟಿಗೆ.

ಆದರೆ ಕಾಲು ಕತ್ತರಿಸದ ಹಳೆಯ ರೂಪವೂ ಕರ್ನಾಟಕದಲ್ಲಿ ಉಳಿದಿತ್ತು, ಎಲ್ಲಿ ಎಂದರೆ ಕಂಪನಿ ನಾಟಕಗಳಲ್ಲಿ. ನನ್ನ ಅಜ್ಜ ಧಾರವಾಡ ಕಡೆಯ ಒಂದು ಕಂಪನಿಯಲ್ಲಿ ಲೆಗ್ ಹಾರ್ಮೋನಿಯಂ ನುಡಿಸುತ್ತಿದ್ದವರು. ಅದನ್ನು ಕಾಲಿನಿಂದ ತುಳಿಯುವುದರಿಂದ ಎರಡೂ ಕೈ ಬಿಡುವಾಗಿರುತ್ತವೆ. ಬಲಗೈಯಲ್ಲಿ ಹಾಡಿನ ಮಟ್ಟು, ಎಡಗೈಯಲ್ಲಿ ಶ್ರುತಿಯೂ ಲಯದ ಗುದ್ದೂ. ತಬಲಾದವನು ಬಾರದ ದಿನ ಅಜ್ಜ ಎಡಗೈಯಲ್ಲೇ ಠೇಕಾ ಹಾಕಿ ನಾಟಕ ದಾಟಿಸುತ್ತಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರು. ಸೊರ್ತಿಯ ‘ಧುಂ-ಚಕ’ ಕೇಳಿದಾಗ ನನಗೆ ಥಟ್ಟನೆ ನೆನಪಾದದ್ದು ಆ ಎಡಗೈ. ನಾಟಕದ ಮಟ್ಟನ್ನು ಭಜನೆಗೆ ಹಾಕಿಕೊಂಡು, ಭಜನೆಯ ಮಟ್ಟನ್ನು ನಾಟಕಕ್ಕೆ ಹಾಕಿಕೊಂಡು ಬಂದ ಊರುಗಳವರು ನಾವು. ಗೀತನಾಟಕದ ಮಟ್ಟು ಚರ್ಚಿಗೆ ಹೊಕ್ಕಿತೆಂದು ಲೆಫೆಬ್ಯೂರ್-ವೆಲಿಯ ಮೇಲೆ ದೂರು ಹೇಳಲು ನಮಗೆ ನಾಲಗೆ ಹೊರಳಬಾರದು.

ಪ್ಯಾರಿಸ್ ವಾಸಿ:

ಗಾಳಿಪೆಟ್ಟಿಗೆಯವರ ಮಾತಿಗೆ ಒಂದು ಸೇರ್ಪಡೆ. ಫ್ರೆಂಚ್ ಹಾರ್ಮೋನಿಯಂನಲ್ಲಿ ‘ಎಕ್ಸ್‌ಪ್ರೆಸ್ಯೋಂ’ ಎಂಬ ಒಂದು ಗುಂಡಿ ಇರುತ್ತದೆ. ಅದನ್ನು ಎಳೆದರೆ ಗಾಳಿ ಸಂಗ್ರಹವಾಗುವ ಚೀಲವನ್ನು ಬಿಟ್ಟು ತಿದಿಯಿಂದ ನೇರವಾಗಿ ರೀಡುಗಳಿಗೆ, ಅಂದರೆ ದನಿ ಹುಟ್ಟಿಸುವ ಹಿತ್ತಾಳೆಯ ನಾಲಗೆಗಳಿಗೆ, ಹೋಗುತ್ತದೆ. ಆಗ ಪಾದದ ಒಂದೊಂದು ಒತ್ತೂ ದನಿಯಲ್ಲಿ ಕೇಳುತ್ತದೆ, ಮೆಲ್ಲಗೆ ತುಳಿದರೆ ಪಿಸುಮಾತು, ಜೋರಾಗಿ ತುಳಿದರೆ ಕೂಗು, ಅಳತೆ ತಪ್ಪಿದರೆ ಬಿಕ್ಕಳಿಕೆ. ಕಲಿಯದವರ ಕೈಗೆ, ಅಂದರೆ ಕಾಲಿಗೆ, ಅದು ಬಗ್ಗುವುದಿಲ್ಲ.

ಇನ್ನೊಂದು ವಿಷಯವನ್ನು ಸಂಶಯಾತ್ಮರ ಗಮನಕ್ಕೆ ತರುತ್ತೇನೆ. ಸಂಗೀತಕಾರ ಸೆಸಾರ್ ಫ್ರಾಂಕ್‌ನ ಹೆಸರನ್ನು ಅವರು ಗೌರವದಿಂದಲೇ ಉಚ್ಚರಿಸುತ್ತಾರೆಂದು ಭಾವಿಸುತ್ತೇನೆ. ಸ್ಯಾಂತ್-ಕ್ಲೊತಿಲ್ದ್ ಚರ್ಚಿನಲ್ಲಿ ಕವಾಯೆ-ಕೋಲ್ ಕಟ್ಟಿದ ಆರ್ಗನ್ 1859ರ ಡಿಸೆಂಬರಿನಲ್ಲಿ ಉದ್ಘಾಟನೆಯಾದಾಗ ಅದನ್ನು ನುಡಿಸಿದವರು ಇಬ್ಬರು, ಒಬ್ಬ ಅಲ್ಲಿನ ವಾದಕನಾದ ಫ್ರಾಂಕ್, ಮತ್ತೊಬ್ಬ ಲೆಫೆಬ್ಯೂರ್-ವೆಲಿ. ಫ್ರಾಂಕ್ ಮುಂದೆ ಪ್ರಕಟಿಸಿದ ‘ಆರು ಕೃತಿಗಳು’ ಆ ಶತಮಾನದ ಆರ್ಗನ್ ಸಂಗೀತದ ದಿಕ್ಕನ್ನೇ ತಿರುಗಿಸಿದವು. ಅವುಗಳಲ್ಲಿ ಕೊನೆಯದು ‘ಫಿನಾಲ್’, ಪೆಡಲುಗಳ ಮೇಲೆ ಒಬ್ಬಂಟಿಯಾಗಿ ಧುಮುಕಿ ಶುರುವಾಗುವ ಅಬ್ಬರದ ಕೃತಿ. ಅದನ್ನು ಅರ್ಪಿಸಿರುವುದು ಲೆಫೆಬ್ಯೂರ್-ವೆಲಿಗೆ. ಬುಡವಿಲ್ಲದವನೆಂದು ಫ್ರಾಂಕ್ ಭಾವಿಸಿದ್ದರೆ ಆ ಹಾಳೆಯ ಮೇಲೆ ಬೇರೆ ಹೆಸರು ಇರುತ್ತಿತ್ತು.

ಸಂಶಯಾತ್ಮ:

ಫ್ರಾಂಕ್‌ನ ಅರ್ಪಣೆ ನನಗೆ ಗೊತ್ತಿತ್ತು, ನೀವು ಅದನ್ನು ಹೊರತೆಗೆಯುವುದಿಲ್ಲವೆಂದು ಆಸೆಪಟ್ಟಿದ್ದೆ. ‘ಫಿನಾಲ್’ ಆ ಆರರಲ್ಲಿ ಅತ್ಯಂತ ಗದ್ದಲದ್ದು ಎಂಬುದನ್ನು ಮಾತ್ರ ದಾಖಲಿಸಿ, ಅರ್ಪಣೆಯ ಹಿಂದೆ ಸ್ನೇಹದ ಕೀಟಲೆಯೂ ಇರಬಹುದೆಂದು ಹೇಳಿ ಹಿಂದೆ ಸರಿಯುತ್ತೇನೆ.

ಕರಾವಳಿಯವ:

ಲೆಫೆಬ್ಯೂರ್-ವೆಲಿ ಎಂದರೆ ಬರೀ ಕುಣಿತ ಎಂಬ ಭಾವನೆ ಯಾರಿಗಾದರೂ ಉಳಿದಿದ್ದರೆ 1849ರ ಅಕ್ಟೋಬರ್ 30ನ್ನು ನೆನೆಯಬೇಕು. ಅಂದು ಮಾದ್ಲೆನ್‌ನಲ್ಲಿ ಪಿಯಾನೋ ಸಂಗೀತಕಾರ ಶೋಪಾನ್‌ನ ಅಂತ್ಯಸಂಸ್ಕಾರದ ಪೂಜೆ. ಮೊತ್ಸಾರ್ಟನ ರೆಕ್ವಿಯಂ, ಅಂದರೆ ಮೃತರಿಗಾಗಿ ನಡೆಯುವ ಬಲಿಪೂಜೆಯ ಸಂಗೀತ, ಹಾಡಿದರು. ಆರ್ಗನ್ನಿನ ಮುಂದೆ ಇದ್ದವನು ಇವನೇ. ಶೋಪಾನ್‌ನ ಪ್ರೆಲೂಡ್ ಎಂಬ ಕಿರುಕೃತಿಗಳಲ್ಲಿ ಇ ಮೈನರ್ ಮತ್ತು ಬಿ ಮೈನರ್‌ನವೆರಡನ್ನು ಅವನು ಆರ್ಗನ್ನಿಗೆ ಹೊಂದಿಸಿ ನುಡಿಸಿದ. ಪಿಯಾನೋದಲ್ಲಿ ಸ್ವರ ಹುಟ್ಟಿದ ಕ್ಷಣದಿಂದ ಸಾಯತೊಡಗುತ್ತದೆ, ಇ ಮೈನರ್ ಪ್ರೆಲೂಡಿನ ದುಃಖ ಅದರಲ್ಲೇ ಇದೆ. ಆರ್ಗನ್ನಿನಲ್ಲಿ ಬೆರಳು ಎತ್ತುವವರೆಗೆ ಸ್ವರ ಕುಂದುವುದಿಲ್ಲ. ಹಾಗಾಗಿ ಆ ದುಃಖವನ್ನು ದಾಟಿಸಲು ಸ್ವರಸಾಲುಗಳ ಆಯ್ಕೆಯಲ್ಲಿ, ಉಸಿರು ಬಿಡುವ ಜಾಗಗಳಲ್ಲಿ ಬಹಳ ಎಚ್ಚರ ಬೇಕು. ಹೊರಡುವವರನ್ನು ಕಳಿಸಿಕೊಡುವ ಸಂಗೀತದ ಎರಡು ಬಗೆಯೂ ಅವನಿಗೆ ಗೊತ್ತಿದ್ದವು ಎಂದಷ್ಟೇ ಹೇಳಿ ನಿಲ್ಲಿಸುತ್ತೇನೆ.

ಮೇಳಕರ್ತ:

ನುಡಿಸುವವರಿಗೆ ಒಂದು ಪ್ರಶ್ನೆ. ಸೊರ್ತಿಯನ್ನು ಲೆಗ್ ಹಾರ್ಮೋನಿಯಂನಲ್ಲಿ ನುಡಿಸಲು ಬರುತ್ತದೆಯೇ? ಗಾಳಿಪೆಟ್ಟಿಗೆಯವರ ಮನೆಯಲ್ಲಿ ಅಜ್ಜನ ಪೆಟ್ಟಿಗೆ ಇನ್ನೂ ಇದೆಯೇ?

ಕರಾವಳಿಯವ:

ಮೂಲದಲ್ಲಿ ಪಾದಗಳಿಗೆ ಬೇರೆಯೇ ಸಾಲು ಇದೆ, ಲೆಗ್ ಹಾರ್ಮೋನಿಯಂನಲ್ಲಿ ಕಾಲು ಗಾಳಿಗೆ ಮೀಸಲು. ಆದ್ದರಿಂದ ‘ಧುಂ’ ಅನ್ನು ಎಡಗೈಯ ಕಿರುಬೆರಳಿಗೆ, ‘ಚಕ’ವನ್ನು ಉಳಿದ ಬೆರಳುಗಳಿಗೆ ಕೊಡಬೇಕು, ಕೈ ಎಗರಬೇಕಾಗುತ್ತದೆ. ಸ್ವರಗಳನ್ನು ಅಂಟಿಸಿ ನುಡಿಸಬೇಡಿ, ಬಿಡಿಬಿಡಿಯಾಗಿ, ಬಿಸಿ ಹಂಚನ್ನು ಮುಟ್ಟಿದ ಹಾಗೆ ನುಡಿಸಿ. ಕಲ್ಲಿನ ಚರ್ಚುಗಳಲ್ಲಿ ಪ್ರತಿಧ್ವನಿಯಿಂದ ಎಲ್ಲ ಕಲಸಿಹೋಗಬಾರದೆಂದು ಆರ್ಗನ್ನಿನವರು ಮಾಡುವ ಉಪಾಯವೂ ಇದೇ, ಮನೆಯಲ್ಲಿ ಅದರ ಅಗತ್ಯವಿಲ್ಲದಿದ್ದರೂ ನಗು ಹುಟ್ಟುವುದು ಆ ಬಿಡುವಿನಲ್ಲೇ.

ಗಾಳಿಪೆಟ್ಟಿಗೆ:

ಪೆಟ್ಟಿಗೆ ಇದೆ. ಅಟ್ಟದಿಂದ ಇಳಿಸಿದ್ದೇನೆ. ತಿದಿಯ ಚರ್ಮ ಎರಡು ಕಡೆ ಬಿರಿದಿತ್ತು, ತೇಪೆ ಹಾಕಿಸಿದೆ. ಹಿಂದೆ ಪಟ್ಟಣದಲ್ಲಿ ಒಬ್ಬರಿಗೆ ರಿಪೇರಿಗೆ ಕೊಟ್ಟು ಎಂಟು ತಿಂಗಳು ಅಲೆದ ಅನುಭವವಿದ್ದುದರಿಂದ ಈ ಬಾರಿ ಚಪ್ಪಲಿ ಹೊಲಿಯುವವರ ಬಳಿಗೇ ಹೋದೆ, ಒಂದೇ ಮಧ್ಯಾಹ್ನದಲ್ಲಿ ಮಾಡಿಕೊಟ್ಟರು. ಈಗ ಗಾಳಿ ನಿಲ್ಲುತ್ತದೆ. ಆದರೆ ನೋಡಿ ಗ್ರಹಚಾರ, ಮಧ್ಯದ ಸಪ್ತಕದಲ್ಲಿ ಎಲ್ಲ ಮನೆಗಳೂ ಮಾತಾಡುತ್ತವೆ, ಕರಿ ಎರಡು ಮಾತ್ರ ಮೂಕ. ಸೊರ್ತಿಯ ಷಡ್ಜವೇ ಇಲ್ಲ. ಬಿಳಿ ಒಂದರಿಂದ ನುಡಿಸಿ ನೋಡಿದೆ, ಮಟ್ಟು ಬರುತ್ತದೆ, ಆದರೆ ಬೆರಳುಗಳಿಗೆ ಕರಿಮನೆಗಳ ಮೇಲೆ ಹತ್ತಿ ಇಳಿಯುವ ಆ ಆಟ ಸಿಗುವುದಿಲ್ಲ.

ಮೇಳಕರ್ತ:

ರೀಡು ಮುರಿದಿರುವುದಿಲ್ಲ, ಹೆದರಬೇಡಿ. ಮುರಿದಿದ್ದರೆ ಗಾಳಿ ಸುಯ್ಯೆಂದು ಹೋಗುವ ಸದ್ದು ಕೇಳುತ್ತದೆ, ಇಲ್ಲವೇ ಗೊರಗೊರ ಎನ್ನುತ್ತದೆ. ಏನೂ ಕೇಳದಿದ್ದರೆ ಹಿತ್ತಾಳೆಯ ನಾಲಗೆಗೂ ಅದರ ಚೌಕಟ್ಟಿಗೂ ನಡುವೆ ದೂಳೋ ಎಳೆಯೋ ಸಿಕ್ಕಿಕೊಂಡಿದೆ ಎಂದರ್ಥ. ಮೇಲಿನ ಹಲಗೆ ಬಿಚ್ಚಿ, ಆ ರೀಡಿನ ನಾಲಗೆಯ ಕೆಳಗೆ ತೆಳುವಾದ ಕಾಗದದ ಚೂರನ್ನು ತುದಿಯಿಂದ ಬುಡದ ಕಡೆಗೆ ಮೆಲ್ಲಗೆ ಸರಿಸಿ ಹೊರಕ್ಕೆ ಎಳೆಯಿರಿ. ಬಗ್ಗಿಸಬೇಡಿ, ಕೆರೆಯಬೇಡಿ. ತುದಿ ಕೆರೆದರೆ ಶ್ರುತಿ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಆಮೇಲೆ ನಿಮ್ಮ ಕರಿ ಎರಡು ಯಾರ ಮಾತನ್ನೂ ಕೇಳುವುದಿಲ್ಲ.

ಗಾಳಿಪೆಟ್ಟಿಗೆ:

ಕಾಗದ ಹಾಕಿ ಎಳೆದೆ. ಹೊರಬಂದದ್ದು ದೂಳಲ್ಲ, ಕೆಂಪು ರೇಷ್ಮೆಯ ಒಂದು ಸಣ್ಣ ಎಳೆ, ಬಹುಶಃ ಯಾವುದೋ ನಾಟಕದ ಪರದೆಯದೋ ಪಾತ್ರಧಾರಿಯ ಶಲ್ಯದ್ದೋ ಇರಬೇಕು. ಕರಿ ಎರಡು ಮಾತಾಡುತ್ತಿದೆ, ಸ್ವಲ್ಪ ಮೂಗಿನಲ್ಲಿ. ಮೊದಲ ಹದಿನಾರು ಮಾತ್ರೆಗಳು ಬಂದಿವೆ. ಎಡಗೈ ಇನ್ನೂ ‘ಚಕ’ದಲ್ಲಿ ತಡವುತ್ತದೆ.

ಸಂಶಯಾತ್ಮ:

ಪೂರ್ತಿ ಬಂದ ಮೇಲೆ ಧ್ವನಿಮುದ್ರಣ ಹಾಕಿ. ಕುಳಿತುಕೊಂಡೇ ಕೇಳುತ್ತೇನೆ, ಎದ್ದು ಹೋಗುವುದಿಲ್ಲ.